ಭರಣಿಯಿಂದ ರೋಹಿಣಿಯವರೆಗೆ: ಹಿತ್ತಲಿನ ನಾಲ್ಕು ವಾರ

(ಸಾಗರದಲ್ಲಿ ಹಿತ್ತಲು ಮಾಡುವ ಹೆಂಗಸರ ಒಂದು ಸಂಜೆ ಕೂಟದಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಒಂದಿಷ್ಟು ಸೇರಿಸಿದ್ದೇನೆ, ಮಾತಿನ ಓಟವನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆಯಿಂದ ಹೊರಡುವಾಗ ಅಂಗಳದಂಚಿನ ಹಲಸಿನ ಮರವನ್ನು ತಲೆಯೆತ್ತಿ ನೋಡಿದೆ. ಕೊಂಬೆಯ ಸಂದಿನಲ್ಲಿ ಸೀತಾಳೆದಂಡೆ ಎಂಬ ಆರ್ಕಿಡ್ ಮೊಗ್ಗಿನ ಗೊಂಚಲು ಇಳಿಬಿಟ್ಟಿದೆ. ಇನ್ನೆರಡು ಮೂರು ವಾರಕ್ಕೆ ಅರಳುತ್ತದೆ, ಅದರ ಹಿಂದೆಯೇ ಮಳೆಗಾಲ ಹಿಡಿಯುತ್ತದೆ. ಆಮೇಲೆ ಹಿತ್ತಲಿನಲ್ಲಿ ನಮ್ಮ ಮಾತು ಹೆಚ್ಚು ನಡೆಯುವುದಿಲ್ಲ. ಏನು ಮಾಡುವುದಿದ್ದರೂ ಈಗಲೇ. ಆದ್ದರಿಂದ ಇವತ್ತು ಈ ನಾಲ್ಕು ವಾರದ ಬಗ್ಗೆ ಮಾತ್ರ ಮಾತಾಡುತ್ತೇನೆ. ಏಪ್ರಿಲ್ 27ರ ಸುಮಾರಿಗೆ ಭರಣಿ ಮಳೆ ನಕ್ಷತ್ರ ಹುಟ್ಟುತ್ತದೆ, ಮೇ 11ರ ಹೊತ್ತಿಗೆ ಕೃತ್ತಿಕೆ, 25ಕ್ಕೆ ರೋಹಿಣಿ. ಪಂಚಾಂಗದ ಲೆಕ್ಕದಲ್ಲಿ ವಸಂತ ಋತುವಿನ ಕೊನೆ, ವೈಶಾಖದ ಬಿಸಿಲು.

ವಸಂತ ಎಂದರೆ ಚಿಗುರು, ಕೋಗಿಲೆ ಎಂದು ಓದಿಕೊಂಡು ಬೆಳೆದವರು ನಾವು. ಹಿತ್ತಲಿಗೆ ಇಳಿದರೆ ಕಾಣುವುದೇ ಬೇರೆ. ಬಾವಿಯ ಹಗ್ಗಕ್ಕೆ ಎರಡು ಮಾರು ಸೇರಿಸಬೇಕಾದ ಕಾಲ ಇದು. ಜಂಬಿಟ್ಟಿಗೆ ಮಣ್ಣು ಕಾದು ಕಲ್ಲಾಗಿರುತ್ತದೆ, ಗುದ್ದಲಿ ಹಾಕಿದರೆ ಠಣ್ಣೆನ್ನುತ್ತದೆ. ಇದೇ ಮಣ್ಣಿನ ಮೇಲೆ ತಿಂಗಳೊಪ್ಪತ್ತಿನಲ್ಲಿ ನೀರು ಹರಿದು ಹೊಳೆಯಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುತ್ತದೆ, ನಮ್ಮ ಕಡೆ ಅಷ್ಟಿಲ್ಲ, ಆದರೂ ಮಡಿ ಕೊಚ್ಚಿಕೊಂಡು ಹೋಗಲು ಬೇಕಾದಷ್ಟಿದೆ. ಒಂದು ಕಡೆ ನೀರಿಲ್ಲದೆ ಸಾಯುವ ಗಿಡವನ್ನು ಉಳಿಸಿಕೊಳ್ಳಬೇಕು, ಇನ್ನೊಂದು ಕಡೆ ನೀರು ಹೆಚ್ಚಾಗಿ ಸಾಯುವ ಗಿಡಕ್ಕೆ ಈಗಲೇ ವ್ಯವಸ್ಥೆ ಮಾಡಬೇಕು. ಎರಡೂ ಕೆಲಸ ಒಂದೇ ಕೈಗೆ, ಒಂದೇ ತಿಂಗಳಲ್ಲಿ.

ನಾನು ಮದುವೆಯಾಗಿ ಬಂದ ವರ್ಷ, ಮೇ ತಿಂಗಳ ಮೊದಲ ಗುಡುಗು ಮಳೆ ಬಿದ್ದ ಮರುದಿನ ಬೆಳಿಗ್ಗೆ ತವರಿನಿಂದ ತಂದ ಬೀಜವನ್ನೆಲ್ಲ ಹಿತ್ತಲಿಗೆ ಹಾಕಿಬಿಟ್ಟೆ. ಬೆಂಡೆ, ಅಲಸಂದೆ, ಹೀರೆ, ಮೊಗೆಕಾಯಿ ಎಲ್ಲವೂ. ಮಣ್ಣಿನ ವಾಸನೆಗೆ ಮರುಳಾಗಿದ್ದೆ. ಅತ್ತೆ ಜಗುಲಿಯಲ್ಲಿ ಕೂತು ನೋಡುತ್ತಿದ್ದರು, ಬೇಡ ಎನ್ನಲಿಲ್ಲ. ಐದನೇ ದಿನಕ್ಕೆ ಮೊಳಕೆ ಕಂಡಿತು. ಆಮೇಲೆ ಹದಿನೆಂಟು ದಿನ ಒಂದು ಹನಿ ಬೀಳಲಿಲ್ಲ. ಕೊಡ ಹೊತ್ತು ಹೊತ್ತು ಭುಜ ಬಾತುಕೊಂಡಿತು, ಸಸಿ ಮಾತ್ರ ಒಂದೊಂದೇ ಸುಟ್ಟುಹೋದವು. ಆಗ ಅತ್ತೆ ನನ್ನನ್ನು ಕರೆದುಕೊಂಡು ಹೋಗಿ, ಮಳೆ ಬಿದ್ದ ಜಾಗದಲ್ಲಿ ಕತ್ತಿಯಿಂದ ಒಂದು ಗೇಣು ಬಗೆದು ತೋರಿಸಿದರು. ಮೇಲೆ ಎರಡು ಬೆರಳಿನಷ್ಟು ಮಾತ್ರ ಬಣ್ಣ ಬದಲಾಗಿತ್ತು. ಅದರ ಕೆಳಗೆ ಬೇಸಿಗೆ ಹಾಗೇ ಕೂತಿತ್ತು.

"ತಂಗಿ, ಮಳೆ ಆಕಾಶದಿಂದ ಬಂದರೆ ಆಗಲಿಲ್ಲ. ನೆಲಕ್ಕೆ ಇಳಿಯಬೇಕು" ಎಂದರು.

ನಾನು ಇವತ್ತು ಹೇಳಬೇಕೆಂದಿರುವುದು ಈ ಒಂದು ಮಾತನ್ನೇ. ಈ ನಾಲ್ಕು ವಾರದಲ್ಲಿ ಗಿಡದ ಕಡೆಗಿಂತ ನೀರಿನ ಕಡೆಗೆ ಹೆಚ್ಚು ನೋಡಿ. ಇರುವ ನೀರು ಎಲ್ಲಿ ಆರುತ್ತಿದೆ, ಬರುವ ನೀರು ಎಲ್ಲಿ ಹರಿಯುತ್ತದೆ ಎಂಬುದನ್ನು ನೋಡಿಕೊಂಡವರ ಹಿತ್ತಲು ಶ್ರಾವಣದಲ್ಲಿ ತುಂಬಿರುತ್ತದೆ.

"ಭರಣಿ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಗಾದೆ ಸರಿಯಾಗಿಯೇ ಇದೆ. ಆದರೆ ಭರಣಿ ಮಳೆ ಬಂದ ದಿನವೇ ಬೀಜ ಹಾಕಿ ಎಂದು ಅದು ಎಲ್ಲೂ ಹೇಳುವುದಿಲ್ಲ. ಭರಣಿ ಮಳೆ ಮಣ್ಣನ್ನು ಮೆತ್ತಗೆ ಮಾಡಿ ಕೊಡುತ್ತದೆ, ಹದ ಮಾಡಲು ನಮಗೆ ಸಮಯ ಕೊಡುತ್ತದೆ. ಹದ ನೋಡುವುದು ಕಷ್ಟವೇನಲ್ಲ. ಗೇಣು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ. ಪುಡಿ ಪುಡಿಯಾಗಿ ಉದುರಿದರೆ ಇನ್ನೂ ಹೊತ್ತಿದೆ. ಉಂಡೆ ಕಟ್ಟಿ, ಹೆಬ್ಬೆರಳು ಒತ್ತಿದಾಗ ಒಡೆದರೆ ಹದ ಬಂದಿದೆ. ಉಂಡೆ ಒಡೆಯದೆ ಬೆರಳಿಗೆ ಅಂಟಿದರೆ ಅವತ್ತು ಗುದ್ದಲಿ ಮುಟ್ಟಬೇಡಿ, ಒದ್ದೆ ಮಣ್ಣನ್ನು ತುಳಿದರೆ ಒಣಗಿದ ಮೇಲೆ ಇಟ್ಟಿಗೆಯಾಗುತ್ತದೆ.

ಮೊದಲ ಮಳೆಗೆ ಏಳುವುದು ಕಳೆ. ಏಳಲಿ ಬಿಡಿ. ಮಡಿ ಮಾಡಿಟ್ಟು ಹತ್ತು ದಿನ ಸುಮ್ಮನಿದ್ದರೆ ಮೇಲುಮಣ್ಣಿನಲ್ಲಿದ್ದ ಕಳೆಬೀಜ ಒಟ್ಟಿಗೇ ಹಸಿರಾಗಿ ಎದ್ದು ಬರುತ್ತದೆ. ಬಿಸಿಲಿರುವ ಒಂದು ಬೆಳಿಗ್ಗೆ ಅದನ್ನು ಮೇಲಿನಿಂದ ಮೇಲೆ ಕೆರೆದು ಹಾಕಿ. ಆಳಕ್ಕೆ ಅಗೆದರೆ ಕೆಳಗೆ ಮಲಗಿದ್ದ ಬೀಜವನ್ನೂ ನೀವೇ ಎಬ್ಬಿಸಿದಂತೆ. ಈ ಒಂದು ಕೆಲಸ ಮಾಡಿದರೆ ಜುಲೈ ತಿಂಗಳಲ್ಲಿ ಉಂಬಳ ಕಚ್ಚಿಸಿಕೊಂಡು ಕಳೆ ಕೀಳುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಹಾಗಾದರೆ ಬೀಜ? ಬೀಜವನ್ನು ನೆಲಕ್ಕೆ ಕೊಡಬೇಡಿ, ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಅಡಿಕೆ ಹಾಳೆಯನ್ನೋ ಬಾಳೆ ಎಲೆಯನ್ನೋ ಮಡಚಿ ದೊನ್ನೆ ಮಾಡಿ, ಮಣ್ಣು ಗೊಬ್ಬರ ತುಂಬಿ, ಹೀರೆ, ಸೋರೆ, ಪಡವಲ, ಹಾಗಲ, ಮೊಗೆಕಾಯಿ ಬೀಜವನ್ನು ದೊನ್ನೆಗೆ ಎರಡೆರಡರಂತೆ ಭರಣಿಯಲ್ಲೇ ಹಾಕಿ. ಹಾಗಲದ ಸಿಪ್ಪೆ ಗಟ್ಟಿ, ಒಂದು ರಾತ್ರಿ ನೀರಿನಲ್ಲಿ ನೆನೆಸಬೇಕು. ದೊನ್ನೆಗಳನ್ನು ಮಾಡಿನ ಅಂಚಿನಲ್ಲಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ ಇಟ್ಟರೆ ದಿನಕ್ಕೆ ಒಂದು ಚೊಂಬು ನೀರು ಸಾಕು. ಬಳ್ಳಿ ತರಕಾರಿಗಳಿಗೆ ಬೇರು ಅಲುಗಿದರೆ ಆಗುವುದಿಲ್ಲ. ಮೂರು ನಾಲ್ಕು ಎಲೆ ಬಂದಾಗ ದೊನ್ನೆ ಸಮೇತ ನೆಟ್ಟುಬಿಡಿ, ಬಾಳೆ ಎಲೆ ತಾನೇ ಕೊಳೆಯುತ್ತದೆ. ಹಾಳೆ ದಪ್ಪವಿದ್ದರೆ ತಳವನ್ನು ಕತ್ತರಿಸಿ.

ಇಷ್ಟು ಅವಸರ ಯಾಕೆ ಎಂದು ಹಿಂದೆ ಒಬ್ಬರು ಕೇಳಿದ್ದರು. ಕಾರಣ ಹೂವು. ಈ ಬಳ್ಳಿಗಳು ಹಾಕಿದ ನಲವತ್ತು ನಲವತ್ತೈದು ದಿನಕ್ಕೆ ಹೂ ಬಿಡುತ್ತವೆ. ರೋಹಿಣಿಯಲ್ಲಿ ಬೀಜ ಹಾಕಿದರೆ ಹೂವು ಬರುವುದು ಜುಲೈನಲ್ಲಿ. ಆಗಿನ ಜಡಿಮಳೆಯಲ್ಲಿ ಜೇನು ಗೂಡು ಬಿಟ್ಟು ಹೊರಗೆ ಬರುವುದಿಲ್ಲ, ಪರಾಗ ತೊಯ್ದು ಮುದ್ದೆಯಾಗುತ್ತದೆ. ಬಳ್ಳಿ ಚಪ್ಪರ ತುಂಬ ಹಬ್ಬಿರುತ್ತದೆ, ಕಾಯಿ ಮಾತ್ರ ಇಲ್ಲ. ಭರಣಿಯಲ್ಲಿ ಹಾಕಿದರೆ ಮೊದಲ ಹೂವು ಮಳೆಯ ಬಿರುಸು ಹಿಡಿಯುವ ಮೊದಲೇ ಸಿಗುತ್ತದೆ.

ಹೂವಿನ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಿತ್ತಲಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ಹೊತ್ತು ಹೀರೆಯ ಚಪ್ಪರದ ಕೆಳಗಿನ ಸಂಜೆ. ಕುಂಬಳ, ಸೌತೆ, ಹಾಗಲ ಬೆಳಿಗ್ಗೆ ಅರಳುತ್ತವೆ. ಕುಂಬಳದ ಹೂವು ಬೆಳಕು ಹರಿಯುವಾಗಲೇ ಅರಳಿ, ಬಿಸಿಲೇರುವ ಹೊತ್ತಿಗೆ ಮುದುಡಿಬಿಡುತ್ತದೆ. ಹೀರೆ ಹಾಗಲ್ಲ, ಹೊತ್ತು ಇಳಿದ ಮೇಲೆ ಒಂದೊಂದೇ ಹಳದಿ ದೀಪ ಹಚ್ಚಿದ ಹಾಗೆ ಅರಳುತ್ತದೆ. ಅದೇ ಜಾತಿಯ ತುಪ್ಪದ ಹೀರೆ ಬೆಳಿಗ್ಗೆಯೇ ಅರಳುತ್ತದೆ. ಸೋರೆಯದು ಬಿಳಿ ಹೂವು, ಸಂಜೆಯದು. ಪಡವಲ ರಾತ್ರಿಯದು, ಅಂಚಿಗೆ ನೂಲಿನ ಕುಚ್ಚು ಕಟ್ಟಿದಂತಿರುತ್ತದೆ. ಇದು ತಿಳಿದಿರದೆ ಬೆಳಿಗ್ಗೆ ಹೋಗಿ ಹೀರೆಗೆ ಪರಾಗ ಮುಟ್ಟಿಸುತ್ತೇನೆ ಎಂದರೆ ಆಗುವುದಿಲ್ಲ.

ಕೈಯಿಂದ ಪರಾಗ ಮುಟ್ಟಿಸುವುದು ಮಕ್ಕಳೂ ಮಾಡಬಹುದಾದ ಕೆಲಸ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಆಗ ಅರಳಿದ ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಒಂದು ಗಂಡು ಹೂವು ಎರಡು ಮೂರು ಹೆಣ್ಣು ಹೂವಿಗೆ ಸಾಕು. ಮಳೆ ಹೊಳವಾದಾಗ ಮಾಡಿ, ಮೇಲೊಂದು ಎಲೆ ಮುಚ್ಚಿ. ಮೊದಲ ಹತ್ತು ಹನ್ನೆರಡು ದಿನ ಬರೀ ಗಂಡು ಹೂವೇ ಬಂದರೆ ಗಾಬರಿಯಾಗಬೇಡಿ, ಈ ಬಳ್ಳಿಗಳ ಕ್ರಮವೇ ಅದು. ಬಳ್ಳಿಗೆ ಗೊಬ್ಬರ, ಸಗಣಿ ನೀರು ಎಂದು ಅತಿಯಾಗಿ ಹೊಯ್ದರೆ ಎಲೆ ಹೆಚ್ಚಿ ಹೆಣ್ಣು ಹೂವು ಇನ್ನೂ ತಡವಾಗುತ್ತದೆ.

ಈಗ ಇರುವ ಗಿಡಗಳ ವಿಷಯ. ಬಸಳೆ, ಹರಿವೆ, ಬೇಸಿಗೆಯ ಬೆಂಡೆ, ಮೆಣಸು. ಇವಕ್ಕೆ ನೀರು ಹಾಕುವುದು ಬೆಳಿಗ್ಗೆ ಏಳರ ಒಳಗೆ, ಬುಡಕ್ಕೆ, ಎಲೆಗಲ್ಲ. ದಿನಾ ಚಿಮುಕಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಹೊಯ್ದರೆ ಬೇರು ಕೆಳಗೆ ಹೋಗುತ್ತದೆ. ನಮ್ಮಲ್ಲಿ ಬಿರುಕು ಬಿಟ್ಟ ಮಣ್ಣಿನ ಮಡಕೆ ಯಾರ ಮನೆಯಲ್ಲಿಲ್ಲ ಹೇಳಿ? ಸಣ್ಣಗೆ ಜಿನುಗುವ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಹೆಂಚಿನ ಚೂರು ಮುಚ್ಚಿ ಸುತ್ತ ನಾಲ್ಕು ಗಿಡ ಇಟ್ಟರೆ ವಾರಕ್ಕೆ ಎರಡು ಸಲ ತುಂಬಿದರೆ ನಡೆಯುತ್ತದೆ.

ಇದಕ್ಕಿಂತ ದೊಡ್ಡದು ಮುಚ್ಚಿಗೆ. ಬೆಟ್ಟದಲ್ಲಿ ಗುಡಿಸಿ ತಂದ ಒಣ ಎಲೆಯ ದರಗು, ಅಡಿಕೆ ಸಿಪ್ಪೆ, ಬಾಳೆಯ ಒಣಗಿದ ಎಲೆ, ಏನಿದ್ದರೂ ಸರಿ, ನಾಲ್ಕು ಬೆರಳು ದಪ್ಪ ಹಾಸಿ. ಕಾಂಡಕ್ಕೆ ತಾಗದಂತೆ ಒಂದು ಅಂಗೈ ಬಿಡಿ, ತಾಗಿದರೆ ಒರಲೆ ಹತ್ತುತ್ತದೆ. ಬಿಸಿಲು ಹೊತ್ತಿನಲ್ಲಿ ಮುಚ್ಚಿಗೆಯ ಕೆಳಗೆ ಒಂದು ಕೈ, ಬರಿ ನೆಲದ ಮೇಲೆ ಒಂದು ಕೈ ಇಟ್ಟು ನೋಡಿ, ಯಾರೂ ಹೇಳಬೇಕಾಗಿಲ್ಲ. ಮಳೆ ಹಿಡಿದ ಮೇಲೆ ಮಾತ್ರ ಎಳೆ ಸಸಿಗಳ ಸುತ್ತಲಿನ ಮುಚ್ಚಿಗೆಯನ್ನು ಸರಿಸಬೇಕು. ಬೇಸಿಗೆಯಲ್ಲಿ ತಂಪು ಕೊಟ್ಟ ಜಾಗವೇ ಆಗ ಬಸವನಹುಳುವಿಗೆ ಮನೆಯಾಗುತ್ತದೆ. ಬಸವನಹುಳುವನ್ನು ರಾತ್ರಿ ಬ್ಯಾಟರಿ ಹಿಡಿದು ಹೆಕ್ಕುವುದೇ ದಾರಿ, ಬರಿಗೈಯಲ್ಲಿ ಮುಟ್ಟದೆ ಚಿಮಟದಿಂದ ಹೆಕ್ಕಿ.

ಟೊಮೆಟೊ ಬಗ್ಗೆ ಕೇಳುವವರು ಬಹಳ ಜನ. ಹಗಲು 35 ಡಿಗ್ರಿ ಮುಟ್ಟಿದರೆ, ರಾತ್ರಿಯೂ ತಣಿಯದಿದ್ದರೆ ಟೊಮೆಟೊ ಹೂವು ಉದುರುತ್ತದೆ, ಅದಕ್ಕೆ ಯಾವ ಔಷಧಿಯೂ ಬೇಡ, ನೆರಳು ಬೇಕು. ಮಳೆಗಾಲಕ್ಕೆ ಹೊರಗೆ ಟೊಮೆಟೊ ನೆಡಬೇಡಿ ಎಂದೇ ನನ್ನ ಅಭಿಪ್ರಾಯ. ನಮ್ಮ ಹುಳಿ ಮಣ್ಣಿನಲ್ಲಿ ಸೊರಗು ರೋಗ, ಮೇಲಿನಿಂದ ಎಲೆ ಕೊಳೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ಸೊರಗು ರೋಗವನ್ನು ತಡೆದುಕೊಳ್ಳುತ್ತದೆ, ಮಳೆ ಮುಗಿದ ಮೇಲೆ ಅದನ್ನು ಹಾಕಿ. ಅವರದೇ ಅರ್ಕಾ ಅನಾಮಿಕ ಬೆಂಡೆ ಹಳದಿ ನರದ ರೋಗವನ್ನು ತಡೆದುಕೊಳ್ಳಲೆಂದು ಮಾಡಿದ ತಳಿ, ಅದು ಹೈಬ್ರಿಡ್ ಅಲ್ಲ, ಬೀಜ ಇಟ್ಟುಕೊಳ್ಳಬಹುದು.

ಹುಳಿ ಮಣ್ಣು ಎಂದೆ. ಮಳೆ ಸುಣ್ಣದ ಅಂಶವನ್ನು ತೊಳೆದು ತೊಳೆದು ಮಲೆನಾಡಿನ ಮಣ್ಣು ಹುಳಿಯಾಗಿದೆ. ನಮ್ಮ ಬಚ್ಚಲೊಲೆಯ ಬೂದಿ ಅದಕ್ಕೆ ಒಳ್ಳೆಯ ಮದ್ದು, ಜೊತೆಗೆ ಪೊಟ್ಯಾಷ್ ಕೂಡ ಸಿಗುತ್ತದೆ. ಗುಂಡಿಗೊಂದು ಹಿಡಿ, ನೆಡುವ ಎರಡು ವಾರ ಮೊದಲು. ಹಸಿ ಸಗಣಿ ಗೊಬ್ಬರದ ಜೊತೆ ಮಾತ್ರ ಬೆರೆಸಬೇಡಿ. ಬೆರೆಸಿದಾಗ ಮೂಗಿಗೆ ಘಾಟು ಹೊಡೆಯುತ್ತದಲ್ಲ, ಗಿಡಕ್ಕೆ ಸಿಗಬೇಕಾದ ಸಾರಜನಕವೇ ಹಾಗೆ ಗಾಳಿಗೆ ಹೋಗುವುದು. ಉಳಿದ ಬೂದಿಯನ್ನು ಜರಡಿ ಹಿಡಿದು ಡಬ್ಬಿಯಲ್ಲಿಡಿ. ಸೌತೆ, ಕುಂಬಳದ ಎಳೆ ಎಲೆಗೆ ಕೆಂಪು ದುಂಬಿ ಬಂದಾಗ ಇಬ್ಬನಿ ಆರುವ ಮೊದಲು ಚಿಮುಕಿಸಲು ಬೇಕು.

ಇನ್ನು ಬಸಿಗಾಲುವೆ. ತೋಟದ ಬಸಿಗಾಲುವೆ ಬಿಡಿಸಲು ಆಳು ಕರೆಯುತ್ತೇವೆ, ಹಿತ್ತಲಿನದು ನೆನಪೇ ಆಗುವುದಿಲ್ಲ. ಒಂದು ವರ್ಷ ನಾನು ಮಡಿಗಳನ್ನು ಚಂದ ಮಾಡಿ, ಗಡ್ಡೆ ನೆಟ್ಟು, ಕಡ್ಡಿ ಕಟ್ಟಿ ಎಲ್ಲ ಮುಗಿಸಿದ್ದೆ. ಧರೆಯ, ಅಂದರೆ ಕಡಿದ ಮಣ್ಣುದಿಬ್ಬದ, ಬುಡದ ಕಾಲುವೆಯಲ್ಲಿ ಬೇಸಿಗೆಯ ದರಗು ತುಂಬಿದ್ದನ್ನು ನೋಡಿರಲಿಲ್ಲ. ಜೂನ್ ಎರಡನೇ ವಾರ ಒಂದೇ ರಾತ್ರಿ ನೀರು ಕಾಲುವೆ ಬಿಟ್ಟು ಹಿತ್ತಲಿಗೆ ನುಗ್ಗಿತು. ಮೂರು ದಿನ ಮಡಿ ನೀರಿನಲ್ಲಿ ನಿಂತಿತು. ಅತ್ತೆ ಇಪ್ಪತ್ತು ವರ್ಷ ಉಳಿಸಿಕೊಂಡು ಬಂದಿದ್ದ ಒಂದು ನೇರಳೆ ಬಣ್ಣದ ಡೇರೆ ಹೂವಿನ ಗಡ್ಡೆ ಅದರಲ್ಲಿ ಕೊಳೆತುಹೋಯಿತು. ಅದು ಮತ್ತೆ ನನಗೆ ಎಲ್ಲೂ ಸಿಕ್ಕಿಲ್ಲ. ಇವತ್ತಿಗೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದ್ದರಿಂದ ಹೇಳುತ್ತೇನೆ, ಭರಣಿಯ ಮೊದಲ ಜೋರು ಮಳೆ ಬಂದಾಗ ಕೊಡೆ ಹಿಡಿದು ಹಿತ್ತಲಿಗೆ ಹೋಗಿ ನಿಲ್ಲಿ. ಮಾಡಿನ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ, ನಿಂತಲ್ಲಿ ಕೋಲು ಊರಿ ಬನ್ನಿ. ಮರುದಿನ ಅಲ್ಲಿ ಕಾಲುವೆ ಬಿಡಿಸಿ. ಮಡಿ ನೆಲದಿಂದ ಒಂದು ಗೇಣಾದರೂ ಎತ್ತರವಿರಲಿ, ಇಳಿಜಾರಿಗೆ ಅಡ್ಡಲಾಗಿರಲಿ.

ಡೇರೆಯ ಹೆಸರು ಬಂದ ಮೇಲೆ ಬಿಡುವ ಹಾಗಿಲ್ಲ. ನೀವೆಲ್ಲ ಅದಕ್ಕೇ ಕಾಯುತ್ತಿದ್ದೀರೆಂದು ಗೊತ್ತು.

ಡೇರೆ ನಮ್ಮ ಹೂವಲ್ಲ ಎಂದರೆ ನಂಬುವುದು ಕಷ್ಟ. ಅದರ ಊರು ಮೆಕ್ಸಿಕೋದ ಎತ್ತರದ ನಾಡು. 1789ರಲ್ಲಿ ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್‌ಗೆ ಬಂತು, 1791ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲ್ ಹೆಸರಿನಿಂದ ಡಾಲಿಯಾ ಆಯಿತು, ನಮ್ಮ ಬಾಯಲ್ಲಿ ಡೇರೆಯಾಯಿತು. ಇಷ್ಟು ದೂರದ ಗಿಡ ಮಲೆನಾಡಿನ ಅಂಗಳವನ್ನು ತನ್ನದೇ ಎಂಬಂತೆ ಹೇಗೆ ಹಿಡಿಯಿತು? ನನಗೆ ತೋರುವ ಕಾರಣ ಇದು. ಅದರ ಊರಿನಲ್ಲೂ ಚಳಿಗಾಲ ಒಣ, ಮಳೆ ಜೂನ್‌ನಿಂದ ಅಕ್ಟೋಬರ್. ಒಣ ತಿಂಗಳುಗಳಲ್ಲಿ ಗಡ್ಡೆಯಾಗಿ ಮಲಗುವುದು, ಮೊದಲ ಮಳೆಗೆ ಏಳುವುದು ಅದರ ಹುಟ್ಟುಗುಣ. ಇಲ್ಲಿಗೆ ಬಂದಾಗ ಅದು ತನ್ನ ಅಭ್ಯಾಸವನ್ನು ಬದಲಿಸಬೇಕಾಗಲೇ ಇಲ್ಲ.

ಗಡ್ಡೆ ಕೊಡುವಾಗ, ತೆಗೆದುಕೊಳ್ಳುವಾಗ ಒಂದು ಮಾತು ನೆನಪಿಡಿ. ಡೇರೆ ಆಲೂಗಡ್ಡೆಯಂತಲ್ಲ. ಆಲೂಗಡ್ಡೆಯ ಮೈಯೆಲ್ಲ ಕಣ್ಣು, ಡೇರೆಗೆ ಕಣ್ಣಿರುವುದು ಹಳೆಯ ಕಾಂಡಕ್ಕೆ ಗಡ್ಡೆ ಸೇರುವ ಕುತ್ತಿಗೆಯಲ್ಲಿ ಮಾತ್ರ. ಒಮ್ಮೆ ನೆಂಟರ ಮನೆಯಿಂದ ನನಗೆ ಮುಷ್ಟಿ ಗಾತ್ರದ ಗಡ್ಡೆ ಕೊಟ್ಟಿದ್ದರು. ಪ್ರೀತಿಯಿಂದಲೇ, ಇದ್ದುದರಲ್ಲಿ ದೊಡ್ಡದನ್ನೇ ಮುರಿದು ಕೊಟ್ಟಿದ್ದರು. ಕುತ್ತಿಗೆ ಅಲ್ಲೇ ಉಳಿದಿತ್ತು. ಗಡ್ಡೆ ನೆಲದೊಳಗೆ ಮಳೆಗಾಲವಿಡೀ ಗಟ್ಟಿಯಾಗಿಯೇ ಇತ್ತು, ಮೊಳಕೆ ಒಡೆಯಲಿಲ್ಲ. ಹೆಬ್ಬೆರಳು ಗಾತ್ರದ ಗಡ್ಡೆಯಾದರೂ ಕುತ್ತಿಗೆಯಲ್ಲಿ ಕೆಂಪು ಚುಕ್ಕಿಯಂಥ ಕಣ್ಣಿದ್ದರೆ ಸಾಕು. ಕಣ್ಣು ಕಾಣದಿದ್ದರೆ ಒದ್ದೆ ಮರಳಿನಲ್ಲಿ ಹತ್ತು ದಿನ ಇಟ್ಟು ನೋಡಿ, ಕಂಡ ಮೇಲೆ ಚೂಪಾದ ಕತ್ತಿಯಿಂದ ಬಿಡಿಸಿ, ಕುಯ್ದ ಜಾಗಕ್ಕೆ ಬೂದಿ ಸವರಿ, ಒಂದು ದಿನ ನೆರಳಿನಲ್ಲಿ ಆರಲು ಬಿಡಿ.

ನೆಡುವುದು ಕೃತ್ತಿಕೆಯಲ್ಲಿ, ಎತ್ತರದ ಮಡಿಯಲ್ಲಿ, ನಾಲ್ಕು ಬೆರಳು ಆಳ, ಗಡ್ಡೆ ಅಡ್ಡಲಾಗಿ, ಕಣ್ಣು ಮೇಲೆ. ಮೊಳಕೆ ಹೊರಗೆ ಕಾಣುವವರೆಗೆ ಮಳೆ ಕೊಡುವ ನೀರೇ ಸಾಕು, ನೀವು ಹಾಕಬೇಡಿ. ಊರುಗೋಲನ್ನು ನೆಡುವ ದಿನವೇ ಊರಬೇಕು, ಆಮೇಲೆ ಊರಿದರೆ ಕೋಲು ಗಡ್ಡೆಗೇ ಚುಚ್ಚುತ್ತದೆ. ಮೂರು ಜೊತೆ ಎಲೆ ಬಂದಾಗ ಕುಡಿ ಚಿವುಟಿ. ಚಿವುಟಲು ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಚಿವುಟಿ. ಆ ಕುಡಿಯನ್ನೂ ಮರಳಿಗೆ ಚುಚ್ಚಿದರೆ ಬೇರು ಬಿಡುತ್ತದೆ, ಪಕ್ಕದ ಮನೆಯವರಿಗೆ ಕೊಡಲು ಒಂದು ಗಿಡವಾಯಿತು. ಮುಳ್ಳುಹಂದಿ ಬರುವ ಕಡೆ ಇರುವವರು ಮಡಿಯ ಸುತ್ತ ತಂತಿ ಬಲೆಯನ್ನು ಮಣ್ಣಿನೊಳಗೆ ಒಂದು ಗೇಣು ಇಳಿಸಿ ಕಟ್ಟಿ, ಬೇಲಿ ಮೇಲೆ ಎಷ್ಟು ಎತ್ತರವಿದ್ದರೂ ಅದು ಕೆಳಗಿನಿಂದ ಬರುತ್ತದೆ.

ಉಳಿದ ಹೂಗಳನ್ನು ಬೇಗ ಹೇಳುತ್ತೇನೆ. ಮಲ್ಲಿಗೆಯ ಮೊಗ್ಗು ಮುಗಿಯುತ್ತ ಬಂದಿರುತ್ತದೆ, ಒಣಕಡ್ಡಿ ತೆಗೆದು ತುದಿಯನ್ನು ಹಗುರಾಗಿ ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಡಿ. ದಾಸವಾಳದ ಗೆಲ್ಲು ನೆಡಲು ಅವಸರ ಬೇಡ, ರೋಹಿಣಿ ಮೃಗಶಿರೆಯ ತೇವದಲ್ಲಿ ಹೇಗೆ ಊರಿದರೂ ಹತ್ತುತ್ತದೆ. ಸೇವಂತಿಗೆಯ ಮರಿಗಳನ್ನು ಈಗ ಬಿಡಿಸಿ ನೆಟ್ಟು ಎರಡು ಮೂರು ಸಲ ಕುಡಿ ಚಿವುಟಿದರೆ ರಾತ್ರಿ ಉದ್ದವಾಗುವ ಕಾಲಕ್ಕೆ ಗಿಡ ತುಂಬ ಮೊಗ್ಗು ಬರುತ್ತದೆ. ಚೆಂಡುಹೂವಿನ ಬೀಜವನ್ನು ಮೇ ಕೊನೆಗೆ ಹಾಕಿದರೆ ಎರಡು ತಿಂಗಳಲ್ಲಿ ಹೂವು, ವರಮಹಾಲಕ್ಷ್ಮಿ ಹಬ್ಬಕ್ಕೆ ಸರಿಹೋಗುತ್ತದೆ. ಬದನೆ ಮಡಿಯ ಅಂಚಿಗೆ ಒಂದು ಸಾಲು ಹಾಕಿ, ಬೇರಿಗೆ ಗಂಟು ಕಟ್ಟುವ ಜಂತುಹುಳುವನ್ನು ಅದರ ಬೇರು ತಗ್ಗಿಸುತ್ತದೆ.

ಬೀಜದ ಬಗ್ಗೆ ಒಂದು ಮಾತು ಬಾಕಿ ಇದೆ. ಈಗ ಮೊಗೆಕಾಯಿ, ಸೌತೆ ಹಣ್ಣಾಗುವ ಸಮಯ. ಊಟಕ್ಕೆ ಕಾಯಿ ಆರಿಸುವ ಮೊದಲು ಬೀಜಕ್ಕೆ ಆರಿಸಿ. ನಮ್ಮ ಅಜ್ಜಿಯಂದಿರು ಸೌತೆ ಬೀಜವನ್ನು ಸಗಣಿಯಲ್ಲಿ ಒತ್ತಿ ಅಡಿಗೆಮನೆಯ ಗೋಡೆಗೆ ಬಡಿಯುತ್ತಿದ್ದರು. ಒಲೆಯ ಹೊಗೆಗೆ ಹುಳ ಹತ್ತಿರ ಬರುತ್ತಿರಲಿಲ್ಲ. ಈಗ ಹೊಗೆ ಇಲ್ಲ, ಗೋಡೆಗೆ ಬಣ್ಣ ಬಂದಿದೆ. ಚೆನ್ನಾಗಿ ಒಣಗಿಸಿ ಬೂದಿಯಲ್ಲಿ ಕಲಸಿ ಬಾಟಲಿಯಲ್ಲಿಟ್ಟರೂ ನಡೆಯುತ್ತದೆ. ಶಿರಸಿ ಸೀಮೆಯಲ್ಲಿ ವನಸ್ತ್ರೀ ಬಳಗದ ಹೆಂಗಸರು 2001ರಿಂದ ಹಿತ್ತಲಿನ ಬೀಜಗಳನ್ನು ಹೀಗೆ ಕೈಯಿಂದ ಕೈಗೆ ದಾಟಿಸುತ್ತ ಬಂದಿದ್ದಾರೆ. ಅವರ ಮಲೆನಾಡು ಮೇಳಕ್ಕೆ ಒಮ್ಮೆ ಹೋಗಿ ಬನ್ನಿ, ಹೋಗುವಾಗ ನಿಮ್ಮ ಮನೆಯದೂ ಒಂದು ಪೊಟ್ಟಣ ತೆಗೆದುಕೊಂಡು ಹೋಗಿ. ನನ್ನ ನೇರಳೆ ಡೇರೆ ಹೋದಂತೆ ನಿಮ್ಮ ಮನೆಯ ಹೀರೆ ಹೋಗುವುದು ಬೇಡ. ಒಂದೇ ಹಿತ್ತಲಿನಲ್ಲಿ ಉಳಿದದ್ದು ಒಂದೇ ರಾತ್ರಿಯಲ್ಲಿ ಹೋಗುತ್ತದೆ.

ಬಾಗಿಲ ಹತ್ತಿರದ ಗೋಣಿಯಲ್ಲಿ ಡೇರೆ ಗಡ್ಡೆ ತಂದಿದ್ದೇನೆ, ಒಂದೊಂದಕ್ಕೂ ಬಣ್ಣದ ಚೀಟಿ ಕಟ್ಟಿದ್ದೇನೆ. ಒಬ್ಬೊಬ್ಬರು ಎರಡೆರಡು ತೆಗೆದುಕೊಳ್ಳಿ, ಕುತ್ತಿಗೆಯ ಕಣ್ಣು ನೋಡಿಯೇ ತೆಗೆದುಕೊಳ್ಳಿ. ಬಿಳಿಯದು ಮೂರೇ ಇವೆ. ಅದನ್ನು ಒಯ್ಯುವವರು ಬೇರೆ ಬೇರೆ ಊರಿನವರಾಗಿದ್ದರೆ ಒಳ್ಳೆಯದು.